ಟ್ರಂಪೆಟ್ ತೊಳೆಯುತ್ತಿದ್ದವಳು

ಬ್ಯಾಂಡಿನವರ ಮನೆಯಲ್ಲಿ ಹುಟ್ಟಿದರೂ ಅವಳಿಗೆ ಸಂಗೀತ ಬಂದದ್ದು ಬಚ್ಚಲಿನಿಂದ. ಅಪ್ಪ, ಚಿಕ್ಕಪ್ಪ, ಅವರ ಜೊತೆಗಾರರು ಮೆರವಣಿಗೆ ಮುಗಿಸಿ ಬಂದು, ಟ್ರಂಪೆಟ್‌ಗಳನ್ನು ಗೋಡೆಗೆ ಒರಗಿಸಿ ಕಾಲು ಚಾಚುತ್ತಿದ್ದರು. ಅವುಗಳೊಳಗಿನ ಎಂಜಲು ತೊಳೆಯುವುದು ಅಮ್ಮನ ಪಾಲಿಗೆ. ಅಮ್ಮನ ಸೊಂಟ ಹಿಡಿದುಕೊಂಡ ಮೇಲೆ, ಎಂಟನೇ ವಯಸ್ಸಿನಿಂದ, ಇವಳ ಪಾಲಿಗೆ. ಐದು ಟ್ರಂಪೆಟ್. ಬಿಚ್ಚಬೇಕು, ಉಗುರುಬೆಚ್ಚಗಿನ ನೀರಲ್ಲಿ ಅದ್ದಬೇಕು, ಉಜ್ಜಬೇಕು, ಎಣ್ಣೆ ಬಿಟ್ಟು ಜೋಡಿಸಬೇಕು. ಒಳಗೆ ನಿಂತ ನೀರು ಹೋಗಬೇಕಾದರೆ ಊದಲೇಬೇಕು. ಊದಿ ಊದಿ ಮೊದಲು ಎಮ್ಮೆ ಕೂಗಿತು, ಆಮೇಲೆ ಸ್ವರ ಬಂತು, ಹನ್ನೆರಡು ತುಂಬುವಷ್ಟರಲ್ಲಿ ಬ್ಯಾಂಡಿನ ಹಾಡುಗಳೆಲ್ಲ ಬಂದವು.

"ಅಪ್ಪಾ, ನಾನೂ ಬ್ಯಾಂಡಿಗೆ ಬರ್ತೀನಿ."

ಚಿಕ್ಕಪ್ಪ ನಕ್ಕ. "ಪಾತ್ರೆ ತೊಳೆಯೋರೆಲ್ಲಾ ಅಡುಗೆಯವರಾಗಿಬಿಟ್ರೆ ಹೆಂಗಮ್ಮಾ?"

"ನಮ್ಮನೇಲಿ ತೊಳೆಯೋಳೇ ಅಲ್ವಾ ಚಿಕ್ಕಪ್ಪಾ ಅಡುಗೆನೂ ಮಾಡೋದು?"

ಒಳಗೆ ಅಮ್ಮ ಕೆಮ್ಮಿದಳು; ನಗು ಮುಚ್ಚಿಕೊಳ್ಳಲು ಅವಳಿಗಿದ್ದ ದಾರಿ ಅದೊಂದೇ.

"ಸುಮ್ನಿರು," ಎಂದ ಅಪ್ಪ. ಅಂದಿನಿಂದ ಅವಳು ಒಂದು ಟ್ರಂಪೆಟ್ಟನ್ನೂ ಮುಟ್ಟಲಿಲ್ಲ.

ಮುಂದಿನ ಸಾಲಲ್ಲಿ ನಿಂತು ಹಾಡು ಎತ್ತುವವನು ಚಿಕ್ಕಪ್ಪ. ಮೂರನೇ ವಾರಕ್ಕೆ ಅವನ ಟ್ರಂಪೆಟ್ಟಿನ ಗುಂಡಿಗಳೇ ಕಚ್ಚಿಕೊಂಡವು. ಹೊಸ ಶಾಲೆಯ ಉದ್ಘಾಟನೆಯ ಬೆಳಿಗ್ಗೆ, "ಇದೇನು ಮಹಾ ವಿದ್ಯೆ" ಎಂದು ತಾನೇ ಬಚ್ಚಲಿಗೆ ಹೋದ. ಗುಂಡಿಗಳ ಕೆಳಗಿನ ಮೂರು ಕೊಳವೆಗಳನ್ನು ಹೊರಗೆಳೆದು, ತೊಳೆದು, ಸಿಕ್ಕ ಸಿಕ್ಕ ತೂತಿಗೆ ತುರುಕಿದ. ಒಂದೊಂದರ ಮೇಲೂ ಅಂಕಿ ಕೊರೆದಿರುತ್ತದೆ ಎಂಬುದು ಹದಿನೆಂಟು ವರ್ಷ ಊದಿದವನಿಗೆ ಗೊತ್ತಿರಲಿಲ್ಲ. ಕೆನ್ನೆ ಉಬ್ಬಿಸಿ ಊದಿದ; ಕಣ್ಣು ಹೊರಬಂದವು, ಸದ್ದು ಬರಲಿಲ್ಲ.

ಗಾಡಿ ಬಾಗಿಲಲ್ಲಿ ನಿಂತಿತ್ತು. ಅಪ್ಪ ಟ್ರಂಪೆಟ್ ತಂದು ಅವಳ ಮುಂದೆ ಹಿಡಿದ. "ಸ್ವಲ್ಪ ನೋಡಮ್ಮಾ."

ಎರಡು ನಿಮಿಷದ ಕೆಲಸ. ಅಂಕಿ ನೋಡಿ ಜೋಡಿಸಿ, ಮೆರವಣಿಗೆಯ ಮೊದಲ ಹಾಡನ್ನು ಪೂರ್ತಿ ಊದಿದಳು. ಹೊರಗೆ ಡೋಲಿನವನು ತನಗರಿವಿಲ್ಲದೆ ತಾಳ ಹಾಕಿದ.

"ಸರಿಹೋಯ್ತಲ್ಲ, ಕೊಡು," ಎಂದ ಚಿಕ್ಕಪ್ಪ.

"ಕೊಡಲ್ಲ. ನಾನೇ ಊದ್ತೀನಿ."

"ಏಯ್! ಜನ ಏನಂತಾರೆ?"

"ಕಿವಿ ಇರೋರು ಚೆನ್ನಾಗಿದೆ ಅಂತಾರೆ."

ಅಪ್ಪ ಗಡಿಯಾರ ನೋಡಿದ, ತಮ್ಮನನ್ನು ನೋಡಿದ. "ನಿನ್ನ ಕೋಟು ಅವಳಿಗೆ ಕೊಡು. ನೀನು ಇವತ್ತು ತಾಳ ಹಿಡ್ಕೋ."

ಅಮ್ಮ ಬಂದು ಕೋಟಿನ ತೋಳು ಮಡಚಿ ಪಿನ್ನು ಚುಚ್ಚಿದಳು.

ಶಾಲೆಯ ರಸ್ತೆಯ ತಿರುವಿನಲ್ಲಿ ಒಂದು ಸ್ವರ ಜಾರಿತು. ಹಿಂದೆ ಚಿಕ್ಕಪ್ಪ ಬೇಕೆಂದೇ ಗಂಟಲು ಸರಿಮಾಡಿಕೊಂಡ. ಅವಳು ತಿರುಗಿ ನೋಡಲಿಲ್ಲ. ಮುಂದಿನ ಸ್ವರವನ್ನು ಇನ್ನೂ ಜೋರಾಗಿ ಊದಿದಳು. ಆಮೇಲಿನ ಮೂವತ್ತೊಂದು ವರ್ಷ, ಮುಂದಿನ ಸಾಲಿನ ಆ ಜಾಗವನ್ನು ಯಾರಿಗೂ ಬಿಟ್ಟುಕೊಡಲಿಲ್ಲ.