ನೀರಿನೊಳಗೆ ಕಟ್ಟಬೇಕಾದ ಚೀಲ

ಹವಳದ ದಿಬ್ಬಗಳ ಮೇಲಿನ ವಿಷಪಾಚಿಯ ಅಧ್ಯಯನದಲ್ಲಿ ನಮ್ಮ ಮೇಡಂ ಅವರದು ಮೊದಲ ಸಾಲಿನ ಹೆಸರು. ನೀರಿನ ಬಿಸಿ, ಅಲೆಯ ಹೊಡೆತ, ದಡದಿಂದ ಹರಿದು ಬರುವ ಕೊಳೆ, ಇವುಗಳಲ್ಲಿ ಯಾವುದು ಕಣ್ಣಿಗೆ ಕಾಣದ ಆ ಪಾಚಿಯನ್ನು ಹೆಚ್ಚಿಸಿ, ಮೀನಿನ ಮೂಲಕ ಮನುಷ್ಯನ ಹೊಟ್ಟೆಗೆ ವಿಷ ಸೇರಿಸುತ್ತದೆ ಎಂಬುದನ್ನು ಮೂವತ್ತೊಂದು ವರ್ಷ ಹುಡುಕಿದವರು ಅವರು. ಯಾವುದನ್ನೂ ಸುಲಭಕ್ಕೆ ನಂಬಿದವರಲ್ಲ. ಥರ್ಮಾಮೀಟರನ್ನೂ ಮೂರು ಸಲ ಅದ್ದಿ ನೋಡುತ್ತಿದ್ದರು. ನಾನೂ ಅವರನ್ನು ನಂಬಲಿಲ್ಲ. ಅಭಿನಂದನ ಗ್ರಂಥಕ್ಕೆ ಒಪ್ಪುವ ಮಾತಲ್ಲ, ಆದರೆ ಹೇಳದೆ ವಿಧಿಯಿಲ್ಲ.

ನಾನು ಅವರ ವಿದ್ಯಾರ್ಥಿಯಾದ ಎರಡನೆಯ ವರ್ಷ, ಒಂದು ದಿಬ್ಬದ ಮೀನು ತಿನ್ನಬಹುದೇ ಎಂದು ವರದಿ ಕೊಡಬೇಕಿತ್ತು. ಆ ಪಾಚಿ ಅಂಟಿಕೊಂಡು ಬೆಳೆಯುವ ಕಡಲಕಳೆಯನ್ನು ಕಿತ್ತು ಚೀಲದಲ್ಲಿ ತಂದು, ನೀರಲ್ಲಿ ಕುಲುಕಿ, ಸೋಸಿ, ಸೂಕ್ಷ್ಮದರ್ಶಕದಲ್ಲಿ ಎಣಿಸಿದೆ. ವಿಷಪಾಚಿ ಬೆರಳೆಣಿಕೆಯಷ್ಟು. ತಿನ್ನಬಹುದೆಂದು ಬರೆದು ಮೇಡಂ ಸಹಿಗೆ ಕೊಟ್ಟೆ.

“ಚೀಲ ಎಲ್ಲಿ ಕಟ್ಟಿದ್ಯಪ್ಪಾ?” ಎಂದರು.

“ದೋಣಿಯಲ್ಲಿ, ಮೇಡಂ.”

ಅವರು ವರದಿಯನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ಮರುದಿನ ದೋಣಿಯವನು, “ನಿಮ್ಮ ಮೇಡಂ ಅದೇ ಜಾಗದಿಂದ ಚೀಲ ತುಂಬ್ಕೊಂಡ್ ಬಂದ್ರು. ನಿಮಗೆ ಹೇಳ್ಬೇಡ ಅಂದ್ರು” ಎಂದ. ನನ್ನ ಕೆಲಸ ಕದಿಯುತ್ತಿದ್ದಾರೆ ಎಂದು ಅಂದು ಸಂಜೆಯೇ ಸಂಸ್ಥೆಯ ನಿರ್ದೇಶಕರಿಗೆ ಹೆಸರಿಲ್ಲದ ಪತ್ರ ಹಾಕಿದೆ.

ಮೂರನೆಯ ದಿನ ಅವರು ಚೀಟಿಯಿಲ್ಲದ ಬಾಟಲಿಗಳನ್ನು ನನ್ನ ಮುಂದಿಟ್ಟು ಎಣಿಸಲು ಹೇಳಿದರು. ಯಾರ ಮಾದರಿ ಎಂದು ಎಣಿಸುವವನಿಗೆ ತಿಳಿಯಬಾರದು ಎಂಬುದು ಅವರ ಪದ್ಧತಿ. ಎಣಿಸಿದಷ್ಟೂ ವಿಷಪಾಚಿ.

“ನಿನ್ನ ದಿಬ್ಬದ್ದೇ. ಚೀಲ ನೀರೊಳಗೇ ಕಟ್ಟಿ ತಂದೆ,” ಎಂದರು. “ನೀನು ಕಳೆನ ಹಾಗೇ ಮೇಲಕ್ಕೆ ಎಳ್ದೆ. ಪಾಚಿ ಉದುರ್ಹೋಯ್ತು. ಅಲೆ ಮಾಡೋ ಕೆಲ್ಸಾನ ನೀನೇ ಮಾಡ್ಬಿಟ್ಟೆ.”

ಆ ದಿಬ್ಬದ ಮೀನು ತಿನ್ನಬಾರದೆಂಬ ವರದಿ ಹೋಯಿತು; ಮೊದಲ ಹೆಸರು ನನ್ನದು. ನನ್ನ ಪತ್ರವೂ ತನ್ನ ಕೆಲಸ ಮಾಡಿತು. ವಿಚಾರಣೆ ನಡೆದು, ಅವರಿಗೆ ಬರಬೇಕಿದ್ದ ಬಡ್ತಿ ನಾಲ್ಕು ವರ್ಷ ತಡವಾಯಿತು. ನಾನು ಬಾಯಿ ಬಿಡಲಿಲ್ಲ.

ಹೋದ ತಿಂಗಳು, ನಿವೃತ್ತರಾಗಿ ಕಪಾಟು ಖಾಲಿ ಮಾಡುತ್ತಿದ್ದ ಅವರ ಬಳಿ ಎಲ್ಲವನ್ನೂ ಹೇಳಿಕೊಂಡೆ. ಅವರಿಗೆ ಮೊದಲೇ ಗೊತ್ತಿತ್ತೆಂಬುದು ನನ್ನ ಗುಮಾನಿ.

“ಸಂಶಯ ಪಟ್ಟಿದ್ದು ತಪ್ಪಲ್ಲ ಕಣಪ್ಪಾ,” ಎಂದರು. “ಒಬ್ಬನ ಮಾತು ಕೇಳ್ಕೊಂಡು, ನನ್ನನ್ನ ಒಂದ್ ಮಾತೂ ಕೇಳ್ದೆ ಬರ್ದೆಯಲ್ಲ, ಅದು ತಪ್ಪು.”

ಕ್ಷಮಿಸಿದೆ ಎನ್ನಲಿಲ್ಲ. ಅವರಿಗೆ ದೀರ್ಘಾಯುಷ್ಯವನ್ನೂ, ದಿಬ್ಬಕ್ಕೆ ಇಳಿಯುವ ಕಸುವನ್ನೂ ಹಾರೈಸುತ್ತೇನೆ. ಈ ಲೇಖನವನ್ನು ಅಚ್ಚಿಗೆ ಕೊಡುವ ಮುನ್ನ ಅವರಿಗೇ ತೋರಿಸಿದ್ದೇನೆ. ಈ ಸಲ ಕೆಳಗೆ ಸಹಿ ಹಾಕಿದ್ದೇನೆ.