ದೊಡ್ಡವ್ವನ ಅಂಗಳದಲ್ಲಿ ಆರು ಬಣ್ಣ

ಮೊನ್ನೆ ಭಾಗ್ಯನಗರದ ಕಿರಾಣಿ ಅಂಗಡಿಯಲ್ಲಿ ಬಟ್ಟೆಗೆ ಹಾಕುವ ನೀಲಿ ಪುಡಿಯ ಪೊಟ್ಟಣ ನನ್ನ ಕೈಯಲ್ಲೇ ಒಡೆಯಿತು. ಅಂಗೈ, ಉಗುರು, ಕುರ್ತಾದ ತೋಳು ಎಲ್ಲ ನೀಲಿ. ಅಂಗಡಿಯವರು ಹಳೇ ಪೇಪರು ಕೊಟ್ಟರು. ನಾನು ಒರೆಸಿಕೊಳ್ಳದೆ ಕೈಯನ್ನೇ ನೋಡುತ್ತ ನಿಂತೆ. ಯಲಬುರ್ಗಾದ ನಮ್ಮ ಎದುರು ಮನೆಯ ದೊಡ್ಡವ್ವ ನೆನಪಾದರು...

ಸಂಬಂಧದಲ್ಲಿ ಅವರು ನಮಗೆ ಏನೂ ಅಲ್ಲ. ಅಪ್ಪ ಅಕ್ಕಾ ಅನ್ನುತ್ತಿದ್ದರು, ಹಾಗಾಗಿ ನನಗೆ ದೊಡ್ಡವ್ವ. ಅವ್ವ ಇಲ್ಲದ ಹುಡುಗಿ ನಾನು, ಅರ್ಧ ಬೆಳೆದದ್ದು ಅವರ ಪರಸಿ ಕಲ್ಲು ಹಾಸಿದ ಅಂಗಳದಲ್ಲೇ. ಎಮ್ಮೆಗೆ ಬೈಯುವಷ್ಟೇ ಸಲೀಸಾಗಿ ನನಗೂ ಬೈಯುತ್ತಿದ್ದರು. ರಂಗೋಲಿಯ ಚುಕ್ಕಿ ಇಡುವುದನ್ನು ಕಲಿಸಿದವರೂ ಅವರೇ.

ಆಗ ನಾನು ಡಿಗ್ರಿ ಎರಡನೇ ವರ್ಷ. ಫೋನಿನಲ್ಲಿ ಕಂಡ ಆರು ಬಣ್ಣದ ಬಾವುಟವನ್ನು ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆಯುವ ಹುಚ್ಚು ಹಿಡಿದಿತ್ತು. ಹೆಣ್ಣನ್ನು ಪ್ರೀತಿಸುವ ಹೆಣ್ಣು, ಗಂಡನ್ನು ಪ್ರೀತಿಸುವ ಗಂಡು, ಹೀಗೆ ಮುಚ್ಚಿಟ್ಟುಕೊಂಡು ಬದುಕಿದವರೆಲ್ಲ ತಲೆ ಎತ್ತಿ ಹಿಡಿಯುವ ಬಾವುಟ ಅದು ಎಂದು ಓದಿದ್ದೆ. ನನ್ನ ಮನಸ್ಸು ಹುಡುಗಿಯರ ಕಡೆಗೇ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಬರೆಯುವ ಧೈರ್ಯವಿತ್ತು. ಸೀರೆಯ ಸೆರಗಾದ ಬಾವುಟ, ಗಾಳಿಪಟದ ಬಾಲವಾದ ಬಾವುಟ, ಎಮ್ಮೆಯ ಕೊಂಬಿಗೆ ಸುತ್ತಿದ ಬಾವುಟ...

ಒಂದು ದಿನ ಅಪ್ಪನ ಕೈಗೆ ಆ ನೋಟ್‌ಬುಕ್ ಸಿಕ್ಕಿತು. ತಾಲ್ಲೂಕು ಕಚೇರಿಯ ಗುಮಾಸ್ತರು. ತಿಳಿಯದ್ದನ್ನು ನಾಲ್ಕು ಜನರನ್ನು ಕೇಳಿ ತಿಳಿದುಕೊಳ್ಳುವವರು. ಬಾವುಟದ ಅರ್ಥ ಕೇಳಿಕೊಂಡು ಬಂದು, ಒಂದು ಮಾತೂ ಆಡದೆ ಹಾಳೆಗಳನ್ನು ಹರಿದು ನೀರೊಲೆಗೆ ಹಾಕಿದರು. ಬೈದಿದ್ದರೂ ಸಹಿಸುತ್ತಿದ್ದೆ. ಅಂದಿನಿಂದ ನನ್ನ ಜೊತೆ ಮಾತೇ ನಿಲ್ಲಿಸಿದರು.

ಮರುದಿನ ದೊಡ್ಡವ್ವನ ಮುಂದೆ ಕೂತು ಅತ್ತೆ. ಫೋನಿನಲ್ಲಿದ್ದ ಬಾವುಟ ತೋರಿಸಿದೆ.

"ಯಾ ಪಾರ್ಟೀದವಾ ಇದು? ಎಲೆಕ್ಷನ್ ಇನ್ನಾ ಬಂದಿಲ್ಲಲ್ಲ."

"ಪಾರ್ಟೀದಲ್ಲ ದೊಡ್ಡವ್ವ. ನನ್ನಂಥೋರದು. ನನಗ ಹುಡುಗ್ಯಾರ ಮ್ಯಾಲೆ ಮನಸಾಗತೈತಿ."

ಅವರು ಜೋಳ ಕೇರುತ್ತಿದ್ದರು. ಕೇರುವುದು ನಿಲ್ಲಲಿಲ್ಲ. ಮೊರದಲ್ಲಿದ್ದದ್ದು ಮುಗಿದ ಮೇಲೆ ಅದನ್ನು ಕೆಳಗಿಟ್ಟರು.

"ಹಾಳ್ಯಾಗ ಬರದ್ರ ಹರೀತಾರ. ನಾಳಿ ನಸುಕಿನ್ಯಾಗ ಬಂದು ನಮ್ಮ ಅಂಗಳದಾಗ ತಗಿ. ನಿಮ್ಮಪ್ಪ ಹಾಲಿಗೆ ಬರೂದ್ರಾಗ ಗುಡಿಸಿಬಿಡೂಣು."

ಹೋದೆ. ನೀರು ಹೊಡೆದ ಪರಸಿ ಇನ್ನೂ ಹಸಿಯಾಗಿತ್ತು. ಡಬ್ಬಿಯಲ್ಲಿ ಕೆಂಪು, ಕೇಸರಿ, ಹಳದಿ, ಹಸಿರು ಇದ್ದವು, ನೀಲಿ ಮುಗಿದಿತ್ತು. ದೊಡ್ಡವ್ವ ಬಟ್ಟೆಯ ನೀಲಿ ಪುಡಿಯನ್ನೇ ತಂದು ಬಿಳಿ ರಂಗೋಲಿಗೆ ಬೆರೆಸಿದರು. ಅದಕ್ಕೇ ಒಂದಿಷ್ಟು ಗುಲಾಲು ಸೇರಿಸಿ ನೇರಳೆಯನ್ನೂ ಮಾಡಿಕೊಟ್ಟರು. ಅಂಗಳದ ಅಗಲಕ್ಕೂ ಬಾವುಟ ಎಳೆದೆ. ಕಣ್ತುಂಬ ನೋಡುವಷ್ಟರಲ್ಲಿ ಬೆಳಕಾಗುತ್ತ ಬಂತು, ಗುಡಿಸಿದೆ. ನಾಲ್ಕು ಬಣ್ಣ ಹೋದವು. ನೀಲಿ, ನೇರಳೆ ಮಾತ್ರ ಹಸಿ ಕಲ್ಲಿಗೆ ಇಳಿದುಬಿಟ್ಟಿದ್ದವು. ತಿಕ್ಕಿದಷ್ಟೂ ಹೊಳೆದವು. ಅಪ್ಪನಿಗೆ ಅಷ್ಟು ಗುರುತು ಸಾಕು. ಕಾಲೇಜು ಬಿಡಿಸಿ ಯಾರಿಗಾದರೂ ಕಟ್ಟಿಬಿಡುತ್ತಾರೆ ಎಂದೇ ನನ್ನ ಭಯ.

ದೊಡ್ಡವ್ವ ಸೊಂಟಕ್ಕೆ ಕೈಯಿಟ್ಟು ನೋಡಿದರು. "ಅರ್ಧಾ ರಂಗೋಲಿ ಮನಿ ಮುಂದ ಇರಬಾರದು. ಪೂರಾ ಹಾಕು."

"ಅಪ್ಪ ಬರ್ತಾರ, ದೊಡ್ಡವ್ವ."

"ಬರಲಿ. ಅಂಗಳ ನಂದೈತಿ."

ನಾಲ್ಕು ಪಟ್ಟಿ ಮತ್ತೆ ಎಳೆದೆ. ಎರಡನೇ ಸಲ ಮೊದಲಿಗಿಂತ ಚೆಂದ ಬಂತು, ಹೊಗಳಿಕೊಂಡರೆ ತಪ್ಪೇನಿಲ್ಲ. ದೊಡ್ಡವ್ವ ಒಳಗೆ ಹೋಗಿ ಬಂದು, ಹಬ್ಬದ ರಂಗೋಲಿಗೆ ಇಡುವ ಹಾಗೆ, ಅದರ ನಡುವೆ ಅರಿಶಿನ ಕುಂಕುಮ ಇಟ್ಟರು. ರೂಢಿಯಿಂದ ಇಟ್ಟರೋ, ಬೇಕೆಂದೇ ಇಟ್ಟರೋ... ನಾನು ಕೇಳಲಿಲ್ಲ.

ಅಪ್ಪ ಹಾಲಿನ ಚರಿಗೆ ಹಿಡಿದು ಬಂದರು. ಬಾವುಟ ನೋಡಿದರು, ನನ್ನ ಬೆರಳು ನೋಡಿದರು.

"ಯಾರು ತಗದಾರಕ್ಕಾ ಇದನ್ನ?"

"ನಿನ್ನ ಮಗಳು. ನಾನ ತಗಸೀನಿ. ಛಲೋ ಆಗೇತಿಲ್ಲೋ ತಮ್ಮಾ?"

ಅಪ್ಪ ಕೊಟ್ಟಿಗೆಯ ಕಡೆ ನೋಡಿದರು. ಹಾಲು ಬೇಕಾದರೆ ಅದನ್ನು ದಾಟಿಯೇ ಕೊಟ್ಟಿಗೆಗೆ ಹೋಗಬೇಕು. ಕಾಲೊಂದು ಮುಂದೆ ಬಂತು, ಕುಂಕುಮ ಕಂಡು ಹಿಂದೆ ಸರಿಯಿತು. ಹಾಳೆ ಹರಿದು ಒಲೆಗೆ ಹಾಕಿದ ಅಪ್ಪ ಚಪ್ಪಲಿ ಬಿಟ್ಟು, ಗೋಡೆಗೆ ಬೆನ್ನು ಹಚ್ಚಿಕೊಂಡು, ಬಾವುಟದ ಅಂಚಿಗೂ ಪಾದ ತಾಕದಂತೆ ಅಡ್ಡಡ್ಡ ನಡೆದು ಹೋದರು. ತುಂಬಿದ ಚರಿಗೆ ಹಿಡಿದು ಹಾಗೇ ಮರಳಿದರು. ಅಷ್ಟು ಹೆಮ್ಮೆ ನನಗೆ ಅದಕ್ಕೂ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ. ಕಾಲೇಜು ಬಿಡಿಸುವ ಮಾತು ಎದ್ದೇ ಇಲ್ಲ. ನನ್ನೊಡನೆ ಮಾತು ಮತ್ತೆ ಶುರುವಾದರೂ, ಅಂಗಡಿಯಿಂದ ಏನು ತರಬೇಕು ಎನ್ನುವಷ್ಟಕ್ಕೇ ಮುಗಿಸಿಬಿಡುತ್ತಿದ್ದರು.

ಈಗ ನಾನು ಭಾಗ್ಯನಗರದಲ್ಲಿ ಮಕ್ಕಳಿಗೆ ಚಿತ್ರ ಬರೆಯಲು ಕಲಿಸುತ್ತೇನೆ. ನಾನೂ ನನ್ನ ಗೆಳತಿಯೂ ಒಂದೇ ಮನೆಯಲ್ಲಿದ್ದೇವೆ. ನಮ್ಮ ಪಡಸಾಲೆಯ ಒಂದು ಗೋಡೆ ಪೂರ್ತಿ ಬಾವುಟಗಳು, ಬಂದವರಿಗೆಲ್ಲ ತೋರಿಸುತ್ತೇನೆ. ದೊಡ್ಡವ್ವ ತೀರಿಕೊಂಡು ಎರಡು ವರ್ಷವಾಯಿತು...

ನಿನ್ನೆ ಗೆಳತಿಯನ್ನು ಮೊದಲ ಸಲ ಯಲಬುರ್ಗಾಕ್ಕೆ ಕರೆದುಕೊಂಡು ಹೋದೆ. ಅಪ್ಪ ಅವಳನ್ನು ನೋಡಿದರು, ಅಡುಗೆಮನೆಗೆ ಹೋದರು. ನಾವು ಬಸ್ಸಿಗೆ ಎದ್ದಾಗ ಅವಳಿಗೆ, "ರೊಟ್ಟಿ ಮಾಡೀನಿ. ಇಬ್ರೂ ಉಂಡು ಹೋಗ್ರವಾ" ಎಂದರು.

ಅಪ್ಪ ತಾಟು ಹಾಕುತ್ತಿರುವಾಗ ನಾನು ಹೊರಗೆ ಬಂದು ನಿಂತೆ. ಈ ಸುದ್ದಿ ಹೇಳಲು ನನಗೆ ಇದ್ದದ್ದು ಒಂದೇ ಮನೆ. ರಸ್ತೆಯಾಚೆ ಅದರ ಬಾಗಿಲಿಗೆ ಬೀಗ ಹಾಕಿತ್ತು.