ಗೋಡೆಗೆ ಹೊದಿಸಿದ ಕೌದಿ

ನನಗೆ ಮೂಗಿನ ತುದಿಯಲ್ಲೇ ಕೋಪ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಈ ಬರಹದಲ್ಲಿ ನಾನು ಎರಡು ಸಲ ಕೂಗಾಡುತ್ತೇನೆ, ಎರಡು ಸಲವೂ ತಪ್ಪು ನನ್ನದೇ.

ನಾನು ಹುಟ್ಟಿ ಬೆಳೆದದ್ದು ಚೆನ್ನೈಯಲ್ಲೇ. ಅಪ್ಪ ರೈಲ್ವೆಯಲ್ಲಿದ್ದರು, ನಾನು ವಿಮಾ ಕಚೇರಿ ಸೇರಿದೆ. ನಮ್ಮ ಮನೆಯ ಕನ್ನಡದಲ್ಲಿ ಅರ್ಧ ತಮಿಳು. ಮದುವೆಯಾದದ್ದು ಮಾತ್ರ ಧಾರವಾಡದ ಕಡೆಯವರನ್ನು. ಮಾವ ತೀರಿಕೊಂಡ ಮೇಲೆ, ತೊಂಬತ್ತರ ದಶಕದ ಕೊನೆಯಲ್ಲಿ, ಅತ್ತೆ ವಡಪಳನಿಯ ನಮ್ಮ ಎರಡು ಕೋಣೆಯ ಮನೆಗೆ ಬಂದರು. ಜೊತೆಗೆ ಒಂದು ಟ್ರಂಕು ತುಂಬ ಹಳೆಯ ಸೀರೆ. ಬಂದ ಮರುವಾರವೇ ಸೀರೆಗಳನ್ನು ಹರಿದು, ಪದರದ ಮೇಲೆ ಪದರ ಹಾಸಿ, ಅಂಚಿನಿಂದ ನಡುವಿನವರೆಗೆ ಸಾಲುಸಾಲು ಹೊಲಿಗೆ ಹಾಕುತ್ತ ಕೌದಿ ಹೊಲಿಯಲು ಕೂತರು. ಚೆನ್ನೈಯ ಸೆಕೆಯಲ್ಲಿ ಕೌದಿ! ವರ್ಷದಲ್ಲಿ ಹದಿನೈದು ದಿನ ಹೊದೆದರೆ ಹೆಚ್ಚು. ಉಳಿದ ದಿನ ಅವನ್ನು ಹಾಸಿಕೊಂಡು ಮಲಗುತ್ತಿದ್ದೆವು.

ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ. ಮನೆಯಲ್ಲೇ ಇಂಥ ಕೈ ಇರುವಾಗ ನಾನು ಹೊಲಿಗೆ ಕಲಿಯಲು ಹೋದದ್ದು ಶನಿವಾರದ ಕ್ಲಾಸಿಗೆ. ಕಲಿಸುತ್ತಿದ್ದ ಟೀಚರು ಕೆಲವು ವರ್ಷ ಅಮೆರಿಕದಲ್ಲಿದ್ದು, ಅಲ್ಲಿನವರ ಕೌದಿಯಾದ ಕ್ವಿಲ್ಟ್ ಹೊಲಿಯುವುದನ್ನು ಕಲಿತು ಬಂದವರು. ಹಾಸಿಗೆಯ ಮೇಲೆ ಹಾಕುವುದಲ್ಲ, ಚಿತ್ರದ ಹಾಗೆ ಗೋಡೆಗೆ ತೂಗುಹಾಕುವ ಕ್ವಿಲ್ಟ್. ಮೊದಲ ದಿನವೇ ಅವರು, "ಇಲ್ಲಿ ರೂಲ್ಸೇ ಇಲ್ಲ, ಬಟ್ಟೆ ಜೊತೆ ಆಟ ಆಡಿ," ಅಂದರು. ದಿನವಿಡೀ ಫಾರಂಗಳ ನಡುವೆ ಕೂರುವ ನನಗೆ ಆ ಮಾತು ಕೇಳಿ ಕುಣಿಯುವ ಹಾಗಾಯಿತು.

ಆಟಕ್ಕೆ ಬೇಕಾದ ಬಟ್ಟೆ ನಮ್ಮ ಬೀದಿಯಲ್ಲೇ ಸಿಕ್ಕಿತು. ಸಿನಿಮಾದವರಿಗೆ ಉಡುಪು ಹೊಲಿಯುವ ಒಬ್ಬ ಟೈಲರ್ ಮಾಸ್ಟರ್ ಇದ್ದರು. ಅವರ ಅಂಗಡಿಯ ಮೂಲೆಯಲ್ಲಿ ಚೀಲಗಟ್ಟಲೆ ತುಂಡುಬಟ್ಟೆ ಬಿದ್ದಿರುತ್ತಿತ್ತು. ಗಿಳಿಹಸಿರು ಸ್ಯಾಟಿನ್, ಚಮಕಿ ಹಚ್ಚಿದ ಜಾಲರಿ, ರಾಜನ ಪಾತ್ರಧಾರಿಯ ಅಂಗಿಯಿಂದ ಉಳಿದ ಜರಿ. "ಎಡುತ್ತುಕ್ಕೋಂಗ ಅಮ್ಮಾ, ಗುಪ್ಪೆಗೆ ಹೋಗೋದುದಾನೇ," ಎಂದು ತಮಿಳಿಗೆ ತಮಗೆ ತಿಳಿದಷ್ಟು ಕನ್ನಡ ಬೆರೆಸಿ ಮಾಸ್ಟರ್ ನಗುತ್ತಿದ್ದರು. ಕಸಕ್ಕೆ ಹೋಗಬೇಕಾದದ್ದನ್ನು ನಾನು ಬಂಗಾರದ ಹಾಗೆ ಹೊತ್ತು ತರುತ್ತಿದ್ದೆ. ಭಾನುವಾರ ಎಲ್ಲವನ್ನೂ ನೆಲದ ಮೇಲೆ ಹರಡಿಕೊಂಡು, ಇದರ ಪಕ್ಕ ಅದು, ಅದರ ಪಕ್ಕ ಇದು ಎಂದು ಜೋಡಿಸುತ್ತ ಕೂತರೆ ಅನ್ನ ಸೀದು ಹೋದದ್ದೂ ಗೊತ್ತಾಗುತ್ತಿರಲಿಲ್ಲ. ಅಷ್ಟು ಸುಖವಾಗಿ ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ.

ಆ ವರ್ಷಗಳಲ್ಲಿ ನೀರಿಗೆ ತತ್ವಾರ. ಬೀದಿಗೆ ಲಾರಿ ಬರುವ ಮೊದಲೇ ಪ್ಲಾಸ್ಟಿಕ್ ಕೊಡಗಳು ಸಾಲಾಗಿ ಕೂತಿರುತ್ತಿದ್ದವು. ನಾನು ಆ ಸಾಲನ್ನೇ ಹೊಲಿಯಲು ಹೊರಟೆ. ಒಂದೊಂದು ಕೊಡಕ್ಕೂ ಒಂದೊಂದು ಸಿನಿಮಾ ಬಟ್ಟೆ. ಲಾರಿಗಾಗಿ ಕಾಯುವ ಕೊಡಗಳಿಗೆಲ್ಲ ಕುಣಿತಕ್ಕೆ ಹೊರಟವರ ಠೀವಿ ಬಂತು. ಒಂದರ ಬಾಯಿಯ ಮೇಲೆ ಹಳೆಯ ಕೊಡೆಯ ಬಟ್ಟೆಯಿಂದ ಕಾಗೆಯನ್ನೂ ಕೂರಿಸಿದೆ. ಮಗಳು ನೋಡಿ, "ಅಮ್ಮಾ, ಸೂಪರಾ ಇರುಕ್ಕು!" ಅಂದಳು.

ನನಗೆ ಬೇಕಾಗಿದ್ದದ್ದು ಅತ್ತೆಯ ಮಾತು. ಟೀಚರು ಹೊಗಳಿದ್ದರು, ಎಗ್ಮೋರಿನ ಒಂದು ಹಾಲಿನಲ್ಲಿ ನಡೆಯುವ ಪ್ರದರ್ಶನಕ್ಕೆ ಆರಿಸಿದ್ದರು. ಆದರೂ ನಲವತ್ತು ವರ್ಷ ಸೂಜಿ ಹಿಡಿದ ಆ ಕೈಯವರು ಒಮ್ಮೆ ಇದು ಕೌದಿ ಅನ್ನಲಿ ಎಂದು ನನ್ನ ಜೀವ ಕಾಯುತ್ತಿತ್ತು. ಅತ್ತೆ ಬಡಪೆಟ್ಟಿಗೆ ಒಪ್ಪುವವರಲ್ಲ. ಬೆರಳಿನಿಂದ ಚಮಕಿ ಸವರಿ ನೋಡಿದರು.

"ಚುಚ್ಚತೈತಿ. ಹೊದಿಯಾಕ ಬರಂಗಿಲ್ಲ."

"ಹೊದೆಯೋದಕ್ಕಲ್ಲ ಅತ್ತೆ, ಗೋಡೆಗೆ ಹಾಕೋದಕ್ಕೆ."

"ಯಾಕ, ಗ್ವಾಡಿಗೆ ಥಂಡಿ ಹತ್ತೇತೇನು?" ಅಂದರು. "ಇದು ಕೌದಿ ಅಲ್ಲ ಬಿಡವಾ."

ನನ್ನ ಯಜಮಾನರು ಗೊಳ್ಳೆಂದು ನಕ್ಕರು. ನನಗೆ ರೇಗಿತು. "ನಿಮ್ಮ ಕೌದೀನೂ ಈ ಊರಲ್ಲಿ ಯಾರೂ ಹೊದೆಯಲ್ಲ!" ಎಂದು ಕೂಗಿಬಿಟ್ಟೆ. ಮರುದಿನ ಆಫೀಸಿನಿಂದ ಬಂದಾಗ ಮಂಚಗಳ ಮೇಲಿನ ಕೌದಿಗಳೆಲ್ಲ ಮಡಚಿ ಟ್ರಂಕು ಸೇರಿದ್ದವು. ಕ್ಷಮೆ ಕೇಳಲು ನಾಲಿಗೆ ಏಳಲಿಲ್ಲ. ಒಂದೊಂದಾಗಿ ತೆಗೆದು ಮತ್ತೆ ಹಾಸಿದೆ. ಅತ್ತೆ ಬಂದು ಒಂದರ ಸುಕ್ಕು ತೆಗೆದು ಹೋದರು. ನಮ್ಮ ಮನೆಯಲ್ಲಿ ರಾಜಿ ಅಂದರೆ ಅಷ್ಟೇ.

ಪ್ರದರ್ಶನ ಯುಗಾದಿಯ ಆಸುಪಾಸಿನಲ್ಲಿ. ವಿಮಾ ಕಚೇರಿಯಲ್ಲಿ ಮಾರ್ಚ್ ಕೊನೆ ಅಂದರೆ ತಲೆ ಎತ್ತಲು ಬಿಡುವಿಲ್ಲ. ಕ್ವಿಲ್ಟನ್ನು ಒಳಮೈ ಹೊರಮೈ ಮಾಡಿ ತಿರುಗಿಸಲು ಅಂಚಿನಲ್ಲಿ ಒಂದು ಗೇಣು ಬಾಯಿ ಬಿಟ್ಟಿದ್ದೆ. ಅದನ್ನು ಹೊಲಿಯುವುದೊಂದು ಬಾಕಿ. ಹಬ್ಬದ ಮರುದಿನ ಓಡುವ ಆತುರದಲ್ಲಿ, "ಅತ್ತೆ, ಇದೊಂದು ಮುಚ್ಚಿಬಿಡ್ತೀರಾ?" ಎಂದು ಅವರ ಮಡಿಲಿಗೆ ಹಾಕಿ ಹೋದೆ. ಸಂಜೆ ಬಂದಾಗ ಹೊಲಿಗೆ ಎಲ್ಲಿ ಮುಗಿದಿದೆ ಎಂದು ಹುಡುಕಿದರೂ ಸಿಗದಷ್ಟು ನಾಜೂಕಾಗಿ ಮುಚ್ಚಿಟ್ಟಿದ್ದರು.

ಪ್ರದರ್ಶನದ ಮೂರನೆಯ ದಿನ ಭಾನುವಾರ. ಅತ್ತೆಗೆ ಇಳಕಲ್ ಸೀರೆ ಉಡಿಸಿ ಆಟೋದಲ್ಲಿ ಕರೆದುಕೊಂಡು ಹೋದೆ. ಹಾಲಿನ ಬಾಗಿಲಲ್ಲೇ ವಾಚ್‌ಮನ್ ತಡೆದ. "ಅಮ್ಮಾ, ಉಂಗ ತುಣಿಯಿಲೆ ಎರುಂಬು!" ಓಡಿಹೋಗಿ ನೋಡಿದರೆ ನೆಲದಿಂದ ಗೋಡೆ ಹತ್ತಿ, ನನ್ನ ಕೊಡಗಳ ಸಾಲಿನ ಪಕ್ಕದಲ್ಲೇ ಇರುವೆಗಳ ಇನ್ನೊಂದು ಸಾಲು. ಮೂಲೆಯಲ್ಲಿ ಎಣ್ಣೆಯ ಕಲೆ. ಸುತ್ತ ಐದಾರು ಜನ ನಿಂತಿದ್ದರು. ಟೀಚರು ಕತ್ತರಿ ತಂದುಕೊಟ್ಟರು. ಹೊಲಿಗೆ ಬಿಚ್ಚಿ ಬೆರಳು ಹಾಕಿದರೆ ಕೈಗೆ ಬಂದದ್ದು ಒಂದು ಚೂರು ಹೋಳಿಗೆ.

ನಾನು ನಾಚಿಕೆಯಿಂದ ಕುಗ್ಗಿಹೋದೆ. "ಅತ್ತೆ! ಇದೇನು ಮಾಡಿಬಿಟ್ರಿ? ನನ್ನ ಮಾನ ಕಳೆದ್ರಲ್ಲ!" ಎಂದು ಎಲ್ಲರೆದುರೇ ಕೂಗಿದೆ.

ಅತ್ತೆ ಗಾಬರಿಯಾಗಿ ಸೆರಗು ಹಿಡಿದುಕೊಂಡರು. "ಕೌದಿ ಬಾಯಿ ಹೊಲಿಯೂಮುಂದ ಅದರ ಹೊಟ್ಟ್ಯಾಗ ಏನರೆ ಇಡಬೇಕವಾ. ಹಸದ ಕೌದಿ ಮನಿಗೆ ಚಲೋ ಅಲ್ಲ. ಊರಾಗ ಜ್ವಾಳದ ಕಾಳು ಇಡತೀವಿ. ನೀ ಇಷ್ಟು ಪ್ರೀತಿಲೇ ಹೊಲದಿದ್ದಿ, ಹಬ್ಬದ ಹೋಳಗಿ ಮನ್ಯಾಗಿತ್ತು, ಅದಕ್ಕ..."

"ಇದು ಕೌದಿ ಅಲ್ಲ ಅಂದಿದ್ರಲ್ಲ ಅತ್ತೆ?"

"ಅಂದಿದ್ದೆ ಖರೆ," ಎಂದರು ಅತ್ತೆ, ತಪ್ಪು ಒಪ್ಪಿಕೊಳ್ಳುವವರ ಹಾಗೆ. "ಮಡಿಲಾಗ ಹಾಕ್ಕೊಂಡ ಮ್ಯಾಲೆ ಉಪವಾಸ ಇಡಾಕ ಮನಸ್ಸಾಗಲಿಲ್ಲ."

ಅಷ್ಟು ಜನರ ಮುಂದೆ ನನಗೆ ಅಳು ಬಂತು. ಸಂತೋಷಕ್ಕೇ ಅತ್ತದ್ದು, ನಾಚಿಕೆಯೂ ಅದರಲ್ಲಿ ಸೇರಿತ್ತು. ಟೀಚರಿಗೆ ತಮಿಳಿನಲ್ಲಿ ವಿಷಯ ತಿಳಿಸಿದೆ. ಅವರು ಅತ್ತೆಯ ಕೈ ಹಿಡಿದುಕೊಂಡು, ಇದನ್ನು ತಮಗೆ ಯಾರೂ ಕಲಿಸಿರಲಿಲ್ಲ ಅಂದರು. ಇರುವೆಗಳನ್ನು ಕೊಡವಿದೆವು. ನಾನೇ ಎದುರಿನ ಅಂಗಡಿಗೆ ಹೋಗಿ ಕಾಗದದಲ್ಲಿ ಒಂದು ಹಿಡಿ ಅಕ್ಕಿ ಕಟ್ಟಿಸಿಕೊಂಡು ಬಂದೆ. ಸೂಜಿಗೆ ದಾರ ಪೋಣಿಸಿ ಅತ್ತೆಗೆ ಕೊಡಲು ಹೋದರೆ, "ನಿನ್ನ ಕೌದಿ, ನೀನ ಉಣಸು," ಅಂದರು. ನಾಲ್ಕು ಕಾಳು ಹಾಕಿ ಬಾಯಿ ಹೊಲಿದೆ. ನನ್ನ ಹೊಲಿಗೆ ಅವರದರಷ್ಟು ನಾಜೂಕಾಗಿ ಬರಲಿಲ್ಲ.

ಅತ್ತೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿಕೊಂಡು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದರು.

"ಇದನ್ನ ಯಾರಿಗೂ ಹೊದಿಯಾಕ ಕೊಡಬ್ಯಾಡವಾ," ಅಂದರು. "ಗ್ವಾಡಿ ಮ್ಯಾಲೇ ಇರ್ಲಿ."